ಕುಟುಂಬದ ಕಾನೂನು ಕೆಲಸಗಳಿಗೆ ವಕೀಲರ ನೆರವು ಪಡೆಯುವುದು ಹೇಗೆ: ಬೆಂಗಳೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಒಬ್ಬ ಅಣ್ಣ, ಇಬ್ಬರು ತಂಗಿಯರು ನಮ್ಮ ಕಚೇರಿಗೆ ಬಂದು, ಸೀರೆ ಅಂಗಡಿಯ ಹಳೆಯ ಬಟ್ಟೆಚೀಲವೊಂದನ್ನು ಮೇಜಿನ ಮೇಲಿಟ್ಟರು. ತಂದೆ ಕಟ್ಟಿಸಿದ ಮನೆಯ ಕಾಗದಗಳೆಲ್ಲ ಅದರಲ್ಲಿದ್ದವು. ಕ್ರಯಪತ್ರ, ಕಂದಾಯ ರಸೀದಿಗಳು, ಖಾತಾ ಪತ್ರ ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡುತ್ತಿದ್ದಾಗ, ಎಲ್ಲಕ್ಕಿಂತ ಕೆಳಗೆ, ತಾಯಿ ತಮ್ಮ ಪಾಲನ್ನು ಮಗನಿಗೆ ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರ ಸಿಕ್ಕಿತು. ಪ್ರತಿ ಪುಟದ ಅಂಚಿನಲ್ಲಿಯೂ ನೇರಳೆ ಶಾಯಿಯ ಹೆಬ್ಬೆಟ್ಟಿನ ಗುರುತು. ಪತ್ರ ಪೂರ್ತಿಯಾಗಿ ಇಂಗ್ಲಿಷಿನಲ್ಲಿತ್ತು. ಕಿರಿಯ ತಂಗಿ ಅದನ್ನು ಕೈಗೆತ್ತಿಕೊಂಡು, "ಅಣ್ಣಾ, ಅಮ್ಮನಿಗೆ ಇದನ್ನ ಯಾರಾದರೂ ಓದಿ ಹೇಳಿದ್ರಾ?" ಎಂದು ಕೇಳಿದರು. ಅಣ್ಣ ಉತ್ತರ ಕೊಡಲಿಲ್ಲ. ತಾಯಿ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು.

ಆ ಒಂದು ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಆ ಕುಟುಂಬ ನಾಲ್ಕು ವರ್ಷ ನ್ಯಾಯಾಲಯಕ್ಕೆ ಅಲೆಯಿತು. ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಯಾರಾದರೂ ಒಬ್ಬ ವಕೀಲರು ಅರ್ಧ ಗಂಟೆ ಕುಳಿತು ಆ ತಾಯಿಗೆ ಕನ್ನಡದಲ್ಲಿ ವಿಷಯ ತಿಳಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ವಕೀಲರೆಂದರೆ ಜಗಳ ಹುಟ್ಟಿದ ಮೇಲೆ, ಸಮನ್ಸ್ ಬಂದ ಮೇಲೆ ಹೋಗಬೇಕಾದವರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕುಟುಂಬಗಳ ಮಟ್ಟಿಗೆ ವಕೀಲರ ಕಚೇರಿ ಹೆಚ್ಚು ಉಪಯೋಗಕ್ಕೆ ಬರುವುದು ಸಹಿ ಬೀಳುವುದಕ್ಕೆ ಮೊದಲು. ಈ ಮಾರ್ಗದರ್ಶಿಯನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಮೊದಲ ಹಂತ: ಕಾಗದಗಳನ್ನು ಜೋಡಿಸಿಕೊಳ್ಳುವುದು

ವಕೀಲರನ್ನು ಹುಡುಕುವುದಕ್ಕೂ ಮೊದಲು ಮನೆಯ ಬೀರುವನ್ನು ತೆರೆಯಿರಿ. ಆಸ್ತಿಯ ವಿಷಯವಾದರೆ ಈಗಿನ ಕ್ರಯಪತ್ರದ ಜೊತೆಗೆ ಅದಕ್ಕೂ ಹಿಂದಿನ ಮೂಲಪತ್ರಗಳು, ಋಣಭಾರ ಪ್ರಮಾಣಪತ್ರ, ಖಾತೆ, ಇತ್ತೀಚಿನ ಕಂದಾಯ ರಸೀದಿ, ಬ್ಯಾಂಕಿನಲ್ಲಿ ಅಡಮಾನವಿದ್ದರೆ ಅದರ ಕಾಗದಗಳು ಬೇಕಾಗುತ್ತವೆ. ಋಣಭಾರ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎಂದು ಕರೆಯುವುದನ್ನು, ಕಾವೇರಿ 2.0 ಜಾಲತಾಣದಲ್ಲಿ ನೀವೇ ಪಡೆಯಬಹುದು. ಕಂಪ್ಯೂಟರೀಕರಣಕ್ಕಿಂತ ಹಿಂದಿನ ವರ್ಷಗಳದ್ದು ಬೇಕಾದರೆ ಮಾತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೈಬರಹದ ಪುಸ್ತಕಗಳನ್ನು ಹುಡುಕಿಸಬೇಕಾಗುತ್ತದೆ.

ಬಿಡಿಎ ನಿವೇಶನವಾದರೆ ಇನ್ನೊಂದು ವಿಷಯ ಗಮನಿಸಿ. ಹಂಚಿಕೆಯಾದಾಗ ಕೊಡುತ್ತಿದ್ದುದು ಹತ್ತು ವರ್ಷಗಳ ಗುತ್ತಿಗೆ ಮತ್ತು ಕ್ರಯದ ಕರಾರು. ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರವನ್ನು ಬೇರೆಯಾಗಿ ಬರೆಸಿಕೊಳ್ಳಬೇಕಿತ್ತು. ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಕಂಡ ಎಷ್ಟೋ ಹಿರಿಯರು ಈ ಎರಡನೆಯ ಪತ್ರವನ್ನು ಮಾಡಿಸಿಕೊಳ್ಳದೆಯೇ ತೀರಿಕೊಂಡಿದ್ದಾರೆ. ಅಂಥ ಕಡೆ ವಾರಸುದಾರರೇ ಬಿಡಿಎಗೆ ಅರ್ಜಿ ಹಾಕಬೇಕಾಗುತ್ತದೆ.

ನಂತರ ಹೆಸರುಗಳನ್ನು ನೋಡಿ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಊರಿನ ಹೆಸರು ಒಂದರಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಕ್ರಯಪತ್ರದಲ್ಲಿ ಲಕ್ಷ್ಮೀದೇವಮ್ಮ ಆಗಿರುವವರು ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಂಚಣಿ ಪುಸ್ತಕದಲ್ಲಿ ದೇವಮ್ಮ ಆಗಿರುತ್ತಾರೆ. ಆ ವ್ಯಕ್ತಿ ಬದುಕಿರುವಾಗ ಇದನ್ನು ಸರಿಪಡಿಸುವುದು ಸುಲಭ, ಬಹಳಷ್ಟು ಕಡೆ ಒಂದು ಅಫಿಡವಿಟ್ ಸಾಕಾಗುತ್ತದೆ. ಅವರು ಹೋದ ಮೇಲೆ ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸುವ ಹೊರೆ ಮಕ್ಕಳ ಮೇಲೆ ಬೀಳುತ್ತದೆ.

ಕೊನೆಯಲ್ಲಿ ಒಂದು ಬಿಳಿಹಾಳೆಯ ಮೇಲೆ ವಂಶವೃಕ್ಷ ಬರೆಯಿರಿ. ತೀರಿಕೊಂಡವರು, ಅವರ ಮರಣದ ದಿನಾಂಕ, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎರಡನೆಯ ಮದುವೆಯ ಮಕ್ಕಳು, ಯಾರನ್ನೂ ಬಿಡಬೇಡಿ. ಮನೆಯೊಳಗೆ ಮಾತಾಡದ ವಿಷಯವಿದ್ದರೂ ವಕೀಲರಿಗೆ ಹೇಳಲೇಬೇಕು. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಹೇಳದಂತೆ ಕಾನೂನು ಅವರನ್ನು ಕಟ್ಟಿಹಾಕಿದೆ.

ಎರಡನೆಯ ಹಂತ: ವಕೀಲರನ್ನು ಆರಿಸುವುದು, ಶುಲ್ಕ ಮಾತಾಡುವುದು

ವಕೀಲರು ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದ್ದರಿಂದ "ನೂರಕ್ಕೆ ನೂರು ಗೆಲುವು" ಎಂದು ಫಲಕ ಹಾಕಿಕೊಂಡವರಿಂದ ದೂರವಿರುವುದು ಒಳ್ಳೆಯದು. ಪರಿಚಿತರ ಮೂಲಕ ವಿಚಾರಿಸಿ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಹಾಗೆ ಕೇಳುವುದು ಅಗೌರವವಲ್ಲ. ನಿಮ್ಮ ಕೆಲಸ ಯಾವ ಬಗೆಯದು ಎಂಬುದನ್ನೂ ಯೋಚಿಸಿ. ವಿಭಾಗದ ದಾವೆ ನಡೆಯುವುದು ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ನ್ಯಾಯಾಲಯದ ಸಂಕೀರ್ಣದಲ್ಲಿ ಅಥವಾ ಮೇಯೋ ಹಾಲ್‌ನ ಘಟಕದಲ್ಲಿ. ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆಯ ಅರ್ಜಿಗಳು ನಡೆಯುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯದಲ್ಲಿ. ದಿನವೂ ಯಾವ ಕಟ್ಟಡದಲ್ಲಿ ಕೆಲಸ ಮಾಡುತ್ತಾರೆಂದು ಕೇಳಿದರೆ ವಕೀಲರ ಅನುಭವ ಯಾವುದರಲ್ಲಿದೆಯೆಂದು ಅರ್ಧ ತಿಳಿಯುತ್ತದೆ.

ಮೊದಲ ಭೇಟಿಯಲ್ಲೇ ಶುಲ್ಕದ ಮಾತು ಮುಗಿಸಿ. ಪತ್ರ ಬರೆಸುವ ಕೆಲಸಕ್ಕೆ ಒಟ್ಟು ಮೊತ್ತವನ್ನೂ, ಮೊಕದ್ದಮೆಗೆ ಹಂತಹಂತವಾಗಿಯೂ ಮಾತಾಡಿಕೊಳ್ಳುವುದು ವಾಡಿಕೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ನ್ಯಾಯಾಲಯದ ಶುಲ್ಕ ಇವು ವಕೀಲರ ಶುಲ್ಕವಲ್ಲ. ಅವುಗಳನ್ನು ಬೇರೆಯಾಗಿ ಬರೆಸಿಕೊಂಡು, ಸರ್ಕಾರಕ್ಕೆ ಹೋಗುವ ಹಣವನ್ನು ಸಾಧ್ಯವಾದಷ್ಟೂ ನೀವೇ ಚಲನ್ ಮೂಲಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. "ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಕೊಡಿ" ಎನ್ನುವ ಒಪ್ಪಂದ ನಮ್ಮ ದೇಶದ ವಕೀಲರಿಗೆ ನಿಷಿದ್ಧ. ಹಾಗೆ ಕೇಳುವವರ ಬಳಿ ಎರಡನೆಯ ಬಾರಿ ಹೋಗಬೇಡಿ.

ವಕಾಲತ್ತಿಗೆ, ಅಂದರೆ ನಿಮ್ಮ ಪರವಾಗಿ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವಾಗ ಅದರಲ್ಲಿ ಎದುರು ಪಕ್ಷದವರ ಹೆಸರು, ನ್ಯಾಯಾಲಯದ ಹೆಸರು ತುಂಬಿರಲಿ. ಖಾಲಿ ಹಾಳೆಗೆ, ಖಾಲಿ ಮುದ್ರಾಂಕ ಪತ್ರಕ್ಕೆ ಯಾರೇ ಹೇಳಿದರೂ ಸಹಿ ಹಾಕಬೇಡಿ. ಮೂಲಪತ್ರಗಳ ಬದಲು ನಕಲುಗಳನ್ನು ಕೊಡಿ. ಮೂಲವನ್ನು ಕೊಡಲೇಬೇಕಾದಾಗ ಸ್ವೀಕೃತಿ ಬರೆಸಿಕೊಳ್ಳಿ. ಶುಲ್ಕ ಬಾಕಿಯಿದೆಯೆಂಬ ಕಾರಣಕ್ಕೆ ಕಕ್ಷಿದಾರರ ಕಾಗದಗಳನ್ನು ವಕೀಲರು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ.

ಹಣವಿಲ್ಲ ಎಂಬುದು ನ್ಯಾಯದಿಂದ ದೂರ ಉಳಿಯಲು ಕಾರಣವಾಗಬಾರದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. 15100 ಎಂಬ ಸಹಾಯವಾಣಿಗೆ ಕರೆ ಮಾಡಿದರೆ ಮುಂದಿನ ದಾರಿ ತಿಳಿಸುತ್ತಾರೆ. ಮಹಿಳೆಯರಿಗೆ ಆದಾಯ ಮಿತಿಯಿಲ್ಲ ಎಂಬ ವಿಷಯ ಗೊತ್ತಿಲ್ಲದೆ ಬಳೆ ಅಡವಿಟ್ಟು ಶುಲ್ಕ ಹೊಂದಿಸಿದವರನ್ನು ನಾನು ಕಂಡಿದ್ದೇನೆ. ಇದನ್ನು ದಯವಿಟ್ಟು ನಿಮ್ಮ ಸುತ್ತಲಿನವರಿಗೂ ತಿಳಿಸಿ.

ಮೂರನೆಯ ಹಂತ: ಉಯಿಲು ಬರೆಸುವುದು

ಉಯಿಲನ್ನು ಮುದ್ರಾಂಕ ಪತ್ರದ ಮೇಲೇ ಬರೆಯಬೇಕೆಂದಿಲ್ಲ, ಬಿಳಿಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಆದರೆ ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ 63ನೇ ಕಲಂ ಹೇಳುವ ಕ್ರಮ ತಪ್ಪಬಾರದು. ಬರೆಸುವವರು ಸಹಿ ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಆ ಸಹಿಯನ್ನು ಕಂಡಿರಬೇಕು ಅಥವಾ ಇದು ನನ್ನದೇ ಸಹಿಯೆಂದು ಅವರ ಬಾಯಿಂದ ಕೇಳಿರಬೇಕು. ಆ ಸಾಕ್ಷಿಗಳಿಬ್ಬರೂ ಬರೆಸಿದವರ ಎದುರಿನಲ್ಲೇ ತಮ್ಮ ಸಹಿ ಹಾಕಬೇಕು. ಮುಂದೊಂದು ದಿನ ಉಯಿಲು ವಿವಾದಕ್ಕೆ ಸಿಕ್ಕಿದರೆ ಸಾಕ್ಷಿಗಳಲ್ಲಿ ಕನಿಷ್ಠ ಒಬ್ಬರು ನ್ಯಾಯಾಲಯಕ್ಕೆ ಬಂದು ನುಡಿಯಬೇಕಾಗುತ್ತದೆ. ಎಪ್ಪತ್ತೆಂಟರ ಹಿರಿಯರೊಬ್ಬರು ತಮ್ಮ ವಯಸ್ಸಿನದೇ ಇಬ್ಬರು ವಾಕಿಂಗ್ ಗೆಳೆಯರಿಂದ ಸಾಕ್ಷಿ ಹಾಕಿಸಿದ್ದರು. ಉಯಿಲು ಹೊರಗೆ ಬರುವ ಹೊತ್ತಿಗೆ ಮೂವರೂ ಇರಲಿಲ್ಲ. ಕಾನೂನಿನಲ್ಲಿ ಅದಕ್ಕೂ ದಾರಿಯಿದೆ, ಕಷ್ಟದ ದಾರಿ. ಆದ್ದರಿಂದ ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಊರಲ್ಲೇ ಇರುವವರಾಗಿರಲಿ, ಉಯಿಲಿನಿಂದ ಏನನ್ನೂ ಪಡೆಯದವರಾಗಿರಲಿ.

ಆಸ್ತಿಯ ವಿವರ ಬರೆಯುವಾಗ "ನನ್ನ ಜಯನಗರದ ಮನೆ" ಎಂದಷ್ಟೇ ಬರೆದರೆ ಸಾಲದು. ಮುನಿಸಿಪಲ್ ಸಂಖ್ಯೆ, ಅಳತೆ, ಪೂರ್ವ ಪಶ್ಚಿಮ ಉತ್ತರ ದಕ್ಷಿಣದ ಚೆಕ್ಕುಬಂದಿ, ನೋಂದಣಿಯಾದ ದಸ್ತಾವೇಜಿನ ಸಂಖ್ಯೆ ಎಲ್ಲವೂ ಬರಲಿ. ಒಬ್ಬ ಮಗುವಿಗೆ ಕಡಿಮೆ ಕೊಡುತ್ತಿದ್ದರೆ, ಅಥವಾ ಕೊಡುತ್ತಿಲ್ಲವಾದರೆ, ಏಕೆಂದು ಎರಡು ವಾಕ್ಯಗಳಲ್ಲಿ ಶಾಂತವಾಗಿ ಬರೆಯಿಸಿ. ಕಾರಣ ಬರೆಯದೆ ಒಬ್ಬರನ್ನು ಪೂರ್ತಿಯಾಗಿ ಬಿಟ್ಟ ಉಯಿಲನ್ನು ನ್ಯಾಯಾಲಯಗಳು ಹೆಚ್ಚು ಅನುಮಾನದಿಂದ ನೋಡುತ್ತವೆ. ವಯಸ್ಸಾದವರಾದರೆ ಅದೇ ದಿನದ ವೈದ್ಯರ ದೃಢೀಕರಣವನ್ನೂ ಇಡಿ. ನೋಂದಣಿ ಮಾಡಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕಳೆದುಹೋದರೂ ದಾಖಲೆ ಉಳಿಯುತ್ತದೆ. ನಡೆಯಲಾಗದವರ ಮನೆಗೇ ಉಪನೋಂದಣಾಧಿಕಾರಿಗಳು ಬರುವ ಅವಕಾಶವೂ ಕಾಯ್ದೆಯಲ್ಲಿದೆ. ಎಷ್ಟು ಬಾರಿ ಬದಲಿಸಿದರೂ ಕೊನೆಯದೇ ಊರ್ಜಿತ.

ಯಾವುದನ್ನು ಉಯಿಲಿನಲ್ಲಿ ಕೊಡಬಹುದು ಎಂಬುದು ಎಲ್ಲರಿಗೂ ಒಂದೇ ಅಲ್ಲ. ಹಿಂದೂ ಕುಟುಂಬದಲ್ಲಿ ಸ್ವಯಾರ್ಜಿತವನ್ನು ಪೂರ್ತಿಯಾಗಿ ಕೊಡಬಹುದು, ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ. ಮುಸ್ಲಿಮರು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬರೆದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಿಗೆ 1925ರ ಕಾಯ್ದೆಯೇ ಪೂರ್ತಿಯಾಗಿ ಅನ್ವಯಿಸುತ್ತದೆ.

ನಾಲ್ಕನೆಯ ಹಂತ: ಮನೆಯ ಹಿರಿಯರು ತೀರಿಕೊಂಡ ನಂತರ

ಹದಿಮೂರು ದಿನಗಳ ಕಾರ್ಯ ಮುಗಿಯುವವರೆಗೆ ಯಾರೂ ಕಾಗದದ ಮಾತೆತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ. ಆದರೆ ಮರಣದ ನೋಂದಣಿ 21 ದಿನಗಳೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅವರೇ ವರದಿ ಕಳುಹಿಸುತ್ತಾರೆ. ಮನೆಯಲ್ಲಾದರೆ ಕುಟುಂಬದವರೇ ತಿಳಿಸಬೇಕು. ಪ್ರಮಾಣಪತ್ರದಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು ಆಸ್ತಿಪತ್ರದಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನಿಂತು ಪರಿಶೀಲಿಸಿ.

ಆನಂತರ ನಾಡಕಚೇರಿಯಲ್ಲಿ ವಂಶವೃಕ್ಷದ ದೃಢೀಕರಣಕ್ಕೆ, ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಇದರ ಜೊತೆಗೆ ಕೊಡುವ ಅಫಿಡವಿಟ್‌ನಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವ ಕೆಟ್ಟ ಅಭ್ಯಾಸ ಇನ್ನೂ ಹೋಗಿಲ್ಲ. ಸುಳ್ಳು ಅಫಿಡವಿಟ್ ಅಪರಾಧ ಮಾತ್ರವಲ್ಲ. ಅದರ ಆಧಾರದ ಮೇಲೆ ಮುಂದೆ ನಡೆದ ಖಾತೆ ಬದಲಾವಣೆ, ಮಾರಾಟ, ಬ್ಯಾಂಕ್ ಸಾಲ ಎಲ್ಲವೂ ಅಲುಗಾಡುತ್ತವೆ.

ಇಲ್ಲಿ ಪಾಲಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಹೆಚ್ಚಿನ ಮನಸ್ತಾಪ ಹುಟ್ಟುವುದು ಈ ಲೆಕ್ಕ ತಪ್ಪಾಗಿ ತಿಳಿದುಕೊಂಡಿರುವುದರಿಂದ. ಹಿಂದೂ ಪುರುಷನೊಬ್ಬ ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಅವನ ಸ್ವಯಾರ್ಜಿತ ಆಸ್ತಿ ಮೊದಲನೆಯ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಇವರೊಂದಿಗೆ ಅವನ ತಾಯಿ. ತಾಯಿಯನ್ನು ಎಲ್ಲರೂ ಮರೆಯುತ್ತಾರೆ. ಮೃತನಿಗೆ ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇದ್ದರೆ ನಾಲ್ವರಿಗೂ ಕಾಲುಕಾಲು ಭಾಗ. ಕೆಲವು ವರ್ಷಗಳ ನಂತರ ಆ ತಾಯಿ ಉಯಿಲಿಲ್ಲದೆ ತೀರಿಕೊಂಡರೆ ಅವರ ಕಾಲುಭಾಗ ಅವರ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ, ಅಂದರೆ ಚಿಕ್ಕಪ್ಪ, ಅತ್ತೆ ಎಲ್ಲರೂ ಆ ಮನೆಯಲ್ಲಿ ಪಾಲುದಾರರಾಗುತ್ತಾರೆ. ಅಜ್ಜಿ ಇರುವಾಗಲೇ, ಅವರ ಮನಸ್ಸು ಏನೆಂದು ಕೇಳಿ, ಅವರಿಗೆ ಪೂರ್ತಿಯಾಗಿ ಅರ್ಥವಾಗುವಂತೆ ಹೇಳಿ, ಕಾಗದ ಮಾಡಿಕೊಳ್ಳಬೇಕೆಂದು ನಾನು ಪದೇಪದೇ ಹೇಳುವುದು ಇದಕ್ಕೇ. ಅವರು ಕೊಡುವುದಿಲ್ಲವೆಂದರೆ ಅದೂ ಅವರ ಹಕ್ಕು.

ಇನ್ನೊಂದು ತಪ್ಪು ತಿಳಿವಳಿಕೆ: ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂಬುದು. 1956ರ ನಂತರ ತೀರಿಕೊಂಡ ಅಜ್ಜನ ಸ್ವಯಾರ್ಜಿತ ಆಸ್ತಿ ಕಾಯ್ದೆಯ ಮೂಲಕ ತಂದೆಗೆ ಬಂದಿದ್ದರೆ ಅದು ತಂದೆಯ ಸ್ವಂತದ್ದು. ಮೊಮ್ಮಗನಿಗೆ ಅದರಲ್ಲಿ ಹುಟ್ಟಿನಿಂದ ಹಕ್ಕಿಲ್ಲ.

ಬ್ಯಾಂಕಿನ ಹಣ, ವಿಮೆ, ಷೇರುಗಳಿಗೆ ನಾಮಿನಿ ಇದ್ದರೆ ಸಂಸ್ಥೆ ಹಣವನ್ನು ನಾಮಿನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹಾಗೆಂದು ನಾಮಿನಿ ಮಾಲೀಕನಾಗುವುದಿಲ್ಲ. ವಾರಸುದಾರರ ಪರವಾಗಿ ಅದನ್ನು ಪಡೆದವನಷ್ಟೇ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೂ, ಷೇರುಗಳ ವಿಷಯದಲ್ಲಿ 2023ರಲ್ಲೂ ಇದನ್ನೇ ಹೇಳಿತು. ವಿಮಾ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಸ್ಥಿತಿ ಬೇರೆಯಾಗುವುದರಿಂದ ಪಾಲಿಸಿಯ ಕಾಗದವನ್ನು ವಕೀಲರಿಗೆ ತೋರಿಸಿ. ನಾಮಿನಿಯೇ ಇಲ್ಲದಾಗ, ಮೊತ್ತ ದೊಡ್ಡದಾಗಿದ್ದರೆ, ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕಾಗಿ ಬರಬಹುದು. ಪತ್ರಿಕೆಯಲ್ಲಿ ಪ್ರಕಟಣೆಯಾಗಿ, ಆಕ್ಷೇಪಣೆಗೆ ಸಮಯ ಕೊಟ್ಟು, ಸಾಕ್ಷ್ಯ ಪಡೆದು ಆದೇಶವಾಗುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಈ ಪ್ರಮಾಣಪತ್ರ ಠೇವಣಿ, ಷೇರು, ಸಾಲಪತ್ರಗಳಿಗೆ ಮಾತ್ರ. ಮನೆ, ನಿವೇಶನಕ್ಕೆ ಅನ್ವಯಿಸುವುದಿಲ್ಲ.

ಖಾತೆಯ ಬಗ್ಗೆ ಒಂದು ಮಾತು. ಖಾತೆ ತೆರಿಗೆಯ ದಾಖಲೆ, ಅದೇ ಮಾಲೀಕತ್ವವಲ್ಲ. ಒಬ್ಬ ಅಣ್ಣನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. ಹಾಗಿದ್ದರೂ ಅದನ್ನು ನಿರ್ಲಕ್ಷಿಸುವಂತಿಲ್ಲ, ಏಕೆಂದರೆ ಈಗ ನಗರದಲ್ಲಿ ನೋಂದಣಿಗೆ ಇ-ಖಾತೆ ಬೇಕೇಬೇಕು. ಬಿಬಿಎಂಪಿಯ ಜಾಗದಲ್ಲಿ 2025ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ ನಿಮ್ಮ ಆಸ್ತಿ ಯಾವ ಪಾಲಿಕೆಗೆ ಸೇರಿದೆಯೆಂದು ಮೊದಲು ತಿಳಿದುಕೊಳ್ಳಿ. ಊರಿನಲ್ಲಿ ಜಮೀನಿದ್ದರೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದಕ್ಕೆ, ಅಲ್ಲಿನ ನಾಡಕಚೇರಿಯಲ್ಲೇ ಅರ್ಜಿ ಕೊಡಬೇಕು.

ಐದನೆಯ ಹಂತ: ಪಾಲು ಮಾಡಿಕೊಳ್ಳುವುದು

ಎಲ್ಲರೂ ಒಪ್ಪಿದ್ದರೆ ಇದು ಒಂದು ದಿನದ ನೋಂದಣಿ ಕೆಲಸ. ಒಪ್ಪದಿದ್ದರೆ ಇದೇ ಆಸ್ತಿಗೆ ಹತ್ತು ವರ್ಷವೂ ಆಗಬಹುದು.

ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರ, ದಾನಪತ್ರ, ಈ ಮೂರರಲ್ಲಿ ಯಾವುದು ನಿಮಗೆ ಸರಿಹೊಂದುತ್ತದೆ ಎಂಬುದನ್ನು ವಕೀಲರು ಕಾಗದ ನೋಡಿ ಹೇಳಬೇಕು. ಹತ್ತಿರದ ರಕ್ತಸಂಬಂಧಿಗಳ ನಡುವೆ ಇವುಗಳಿಗೆ ಆಸ್ತಿಯ ಬೆಲೆಯ ಶೇಕಡಾವಾರು ಲೆಕ್ಕದ ಬದಲು ನಿಗದಿತ ಮುದ್ರಾಂಕ ಶುಲ್ಕವಿರುವುದರಿಂದ ಖರ್ಚು ಕಡಿಮೆ. ಖರ್ಚು ಉಳಿಸಲೆಂದು ಬಿಳಿಹಾಳೆಯ ಮೇಲೆ ಪಾಲು ಪಾರೀಕತ್ತು ಬರೆದು, ಊರಿನ ಹಿರಿಯರಿಂದ ಸಾಕ್ಷಿ ಹಾಕಿಸಿ ಪೆಟ್ಟಿಗೆಯಲ್ಲಿಡುವ ಪದ್ಧತಿ ಈಗ ಅಪಾಯಕರ. ಆ ಹಾಳೆಯ ಮೂಲಕವೇ ಪಾಲು ಕೊಟ್ಟಿದ್ದರೆ, ನೋಂದಣಿಯಿಲ್ಲದೆ ಅದನ್ನು ಹಕ್ಕಿನ ಪುರಾವೆಯಾಗಿ ನ್ಯಾಯಾಲಯ ಪರಿಗಣಿಸುವುದಿಲ್ಲ. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ನಮ್ಮ ರಾಜ್ಯ ಕೇಂದ್ರಕ್ಕಿಂತ ಮೊದಲೇ ಹೆಜ್ಜೆ ಇಟ್ಟಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದ ತೀರ್ಪು ಬಗೆಹರಿಸಿತು: ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಂದೆ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿಹೋದ ವಿಭಾಗಗಳನ್ನು ಮಾತ್ರ ತೆರೆಯುವಂತಿಲ್ಲ. "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂಬುದು ಕಾನೂನಿನಲ್ಲಿ ಉತ್ತರವಾಗುವುದಿಲ್ಲ. ತಂಗಿ ಮನಃಪೂರ್ವಕವಾಗಿ ಬಿಟ್ಟುಕೊಡುವುದಾದರೆ, ಅವಳಿಗೆ ಬರಬೇಕಾದ ಪಾಲು ಎಷ್ಟೆಂದು ತಿಳಿಸಿದ ಮೇಲೆ, ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಲಿ. ಅರಿಶಿನ ಕುಂಕುಮಕ್ಕೆಂದು ಕರೆದು ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆದೊಯ್ದ ಪ್ರಕರಣಗಳಿವೆ. ಹಾಗೆ ಪಡೆದ ಸಹಿಯಿಂದ ಯಾರಿಗೂ ನೆಮ್ಮದಿ ಬಂದದ್ದನ್ನು ನಾನು ಕಂಡಿಲ್ಲ.

ಒಬ್ಬ ಮಗನೋ ಮಗಳೋ ಹೊರದೇಶದಲ್ಲಿರುವುದು ಇಲ್ಲಿನ ಮನೆಮನೆಯ ಸಂಗತಿ. ಅವರು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಮುಖ್ತಿಯಾರ್ ಪತ್ರ (ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮಾಡಿಸಿ ಕಳುಹಿಸಬಹುದು; ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಸಾಮಾನ್ಯ ಅಧಿಕಾರ ಪತ್ರಕ್ಕಿಂತ ಈ ಒಂದು ಕೆಲಸಕ್ಕೆ ಮಾತ್ರ ಸೀಮಿತವಾದ ಪತ್ರ ಒಳ್ಳೆಯದು. ಕೊಟ್ಟವರು ತೀರಿಕೊಂಡ ಕ್ಷಣ ಆ ಅಧಿಕಾರವೂ ಮುಗಿಯುತ್ತದೆ ಎಂಬುದು ನೆನಪಿರಲಿ. ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದು ಅವರ ಸ್ವಂತ ಪಾಲನ್ನು ಮಾರಬೇಕಾದರೆ ನ್ಯಾಯಾಲಯದ ಅನುಮತಿ ಮೊದಲೇ ಬೇಕು.

ಮಾತು ಮುರಿದರೆ ಮೊದಲು ನೋಟಿಸ್, ನಂತರ ದಾವೆ. ಎದುರಿನವರು ನಿಮಗೆ ತಿಳಿಸದೆ ತಡೆಯಾಜ್ಞೆ ತರಬಹುದೆಂಬ ಅನುಮಾನವಿದ್ದರೆ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಸಲ್ಲಿಸಿಡಿ. ಅದರ ಆಯಸ್ಸು 90 ದಿನ. ದಾವೆ ಹಾಕಿದ ಮೇಲೂ ರಾಜಿಯ ಬಾಗಿಲು ಮುಚ್ಚುವುದಿಲ್ಲ. 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ನ್ಯಾಯದೇಗುಲದಲ್ಲೇ ಇದೆ. ಆರಂಭದಲ್ಲಿ ಹೇಳಿದ ಅಣ್ಣತಂಗಿಯರು ಕೊನೆಗೆ ಕುಳಿತು ಮಾತಾಡಿದ್ದು ಅಲ್ಲಿಯೇ. ಅಲ್ಲಿ ಆಡಿದ ಮಾತನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲವಾದ್ದರಿಂದ ಅಣ್ಣ ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ, ಅಮ್ಮನಿಗೆ ಓದಿ ಹೇಳಿರಲಿಲ್ಲ ಎಂದು ಒಪ್ಪಿಕೊಂಡರು. ಆಮೇಲಿನ ಲೆಕ್ಕ ಎರಡು ಸಿಟಿಂಗ್‌ಗಳಲ್ಲಿ ಮುಗಿಯಿತು.

ವಯಸ್ಸಾದವರು ಮಕ್ಕಳಿಗೆ ದಾನಪತ್ರ ಬರೆದುಕೊಡುವ ಮುನ್ನ

ಉಯಿಲಿಗೂ ದಾನಪತ್ರಕ್ಕೂ ಇರುವ ವ್ಯತ್ಯಾಸವನ್ನು ಯಾವ ಹಿರಿಯರೂ ತಿಳಿಯದೆ ಸಹಿ ಹಾಕಬಾರದು. ಉಯಿಲು ನಿಮ್ಮ ನಂತರ ಜಾರಿಗೆ ಬರುತ್ತದೆ. ದಾನಪತ್ರ ನೋಂದಣಿಯಾದ ದಿನವೇ ಮನೆ ನಿಮ್ಮದಲ್ಲ. ಕೊಡಲೇಬೇಕಾದರೆ, ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು, ಈ ಮನೆಯಲ್ಲಿ ವಾಸಿಸುವ ಹಕ್ಕು ನನಗಿರಬೇಕು ಎಂಬ ಷರತ್ತನ್ನು ಪತ್ರದೊಳಗೇ ಸ್ಪಷ್ಟವಾಗಿ ಬರೆಯಿಸಿ. ಆ ಷರತ್ತು ಮುರಿದರೆ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆ 2007ರ 23ನೇ ಕಲಮಿನಡಿ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ದಾನವನ್ನು ರದ್ದುಪಡಿಸಿಕೊಳ್ಳಬಹುದು. ಷರತ್ತು ಬರೆದಿಲ್ಲದಿದ್ದರೆ ಹೋರಾಟ ಬಹಳ ಕಠಿಣವಾಗುತ್ತದೆ.

ದಾಂಪತ್ಯದ ವಿಷಯಗಳು

ಹಿಂಸೆಯಿದ್ದರೆ ಮೊದಲ ಹೆಜ್ಜೆ ಸುರಕ್ಷಿತ ಜಾಗ. 112 ಮತ್ತು ಮಹಿಳಾ ಸಹಾಯವಾಣಿ 181. ವಕೀಲರ ಭೇಟಿ ಅದರ ನಂತರ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಡಿ ರಕ್ಷಣೆಯ ಆದೇಶ, ವಾಸದ ಹಕ್ಕು, ಮಧ್ಯಂತರ ಜೀವನಾಂಶ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು.

ಇಬ್ಬರೂ ಒಪ್ಪಿ ಬೇರೆಯಾಗುವುದಾದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಒಂದು ವರ್ಷ ಪ್ರತ್ಯೇಕವಾಗಿ ಬದುಕಿರಬೇಕು; ಅರ್ಜಿ ಹಾಕಿ ಆರು ತಿಂಗಳ ನಂತರ ಎರಡನೆಯ ಬಾರಿ ಹಾಜರಾಗಬೇಕು. ಸೂಕ್ತ ಪ್ರಕರಣಗಳಲ್ಲಿ ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅರ್ಜಿಗೆ ಮೊದಲು ಜೀವನಾಂಶ, ಸ್ತ್ರೀಧನ, ಮಕ್ಕಳ ಶಾಲೆಯ ಖರ್ಚು, ರಜೆಯಲ್ಲಿ ಮಕ್ಕಳು ಯಾರೊಂದಿಗೆ ಎಂಬುದನ್ನೆಲ್ಲ ಬರವಣಿಗೆಯಲ್ಲಿ ಇಳಿಸಬೇಕು. ಬೇಸತ್ತ ಮನಸ್ಸಿನಲ್ಲಿ "ಏನೂ ಬೇಡ, ಮುಗಿದರೆ ಸಾಕು" ಎಂದು ಸಹಿ ಹಾಕುವವರು ಬಹಳ. ವಕೀಲರು ಅವರನ್ನು ಒಂದು ವಾರ ಯೋಚಿಸಿ ಬರುವಂತೆ ಕಳುಹಿಸಬೇಕು. ಜೀವನಾಂಶದ ಅರ್ಜಿಯಿದ್ದರೆ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಇಬ್ಬರೂ ಕೊಡಬೇಕೆಂದು 2020ರ ರಜನೀಶ್ ಪ್ರಕರಣದ ತೀರ್ಪಿನಿಂದ ಕಡ್ಡಾಯವಾಗಿದೆ. ಸಂಬಳ ಚೀಟಿ, ಬ್ಯಾಂಕ್ ವಿವರ, ಬಾಡಿಗೆ ಕರಾರು ಮೊದಲೇ ಸಂಗ್ರಹಿಸಿಕೊಳ್ಳಿ.

ಪ್ರಕರಣ ದಾಖಲಾದ ಮೇಲೆ ನೀವು ಮಾಡಬೇಕಾದ್ದು

ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆಯಿರುತ್ತದೆ. ಅದನ್ನು ವಕೀಲರಿಂದ ಪಡೆದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ದಿನ ಏನಾಯಿತು ಎಂಬುದನ್ನು ಮನೆಯಲ್ಲೇ ನೋಡಬಹುದು. ವಾಯಿದೆಯ ಹಿಂದಿನ ಸಂಜೆ ಒಂದು ಕರೆ ಮಾಡಿ, ನಾಳೆ ಯಾವ ಹಂತ, ನಾವು ಬರಬೇಕೇ ಎಂದು ಕೇಳಿಕೊಳ್ಳಿ. ಸಲ್ಲಿಸಿದ ಪ್ರತಿ ಅರ್ಜಿಯ, ಪ್ರತಿ ಆದೇಶದ ನಕಲು ನಿಮ್ಮ ಬಳಿ ಇರಲಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ, ಆದರೆ ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ರಾಜಿಪತ್ರದ ಪ್ರತಿ ಸಾಲನ್ನೂ ಓದಿ, ಓದಲು ಬಾರದ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿಸಿ, ಅವರು ಕೇಳುವ ಪ್ರಶ್ನೆಗೆಲ್ಲ ಉತ್ತರ ಸಿಕ್ಕ ಮೇಲೆ ಪೆನ್ನು ಕೊಡಿ.

ಕೆಲಸ ಮುಗಿದ ದಿನ ಮೂಲಪತ್ರಗಳು, ಆದೇಶದ ದೃಢೀಕೃತ ಪ್ರತಿ, ರಸೀದಿಗಳನ್ನು ಪಟ್ಟಿ ಮಾಡಿ ವಾಪಸು ಪಡೆಯಿರಿ. ವಿಭಾಗವಾದ ನಂತರ ಖಾತೆ, ಬೆಸ್ಕಾಂ, ಜಲಮಂಡಳಿಯ ಸಂಪರ್ಕಗಳು ಹೊಸ ಹೆಸರಿಗೆ ಬದಲಾಗುವವರೆಗೆ ಕಡತವನ್ನು ಕಟ್ಟಿಡಬೇಡಿ. ಎಲ್ಲದರ ಒಂದೊಂದು ನಕಲು ಮನೆಯ ಹೆಣ್ಣುಮಕ್ಕಳ ಬಳಿಯೂ ಇರಲಿ.